ನಾನು ಕುಡಿಯಲ್ಲ ಮಾರಾಯ್ರೇ

ನಿನ್ನೆ ಶಿರಸಿ ಹತ್ತಿರದ ಒಂದು ಮದುವೆಯಲ್ಲಿ ಊಟಕ್ಕೆ ಕೂತು ಮರ್ಯಾದೆ ಕಳೆದುಕೊಂಡು ಬಂದೆ.

ಹೋಳಿಗೆ ಎರಡನೇ ಸುತ್ತು ಬಂತು. ಎಲೆ ಮೇಲೆ ಕೈ ಅಡ್ಡ ಹಿಡಿದೆ. ಬಡಿಸುವ ಹುಡುಗ ನನ್ನ ಬೆರಳಿನ ಮೇಲೇ ಹೋಳಿಗೆ ಇಟ್ಟ, ಹಿಂದಿನವನು ಅದರ ಮೇಲೆ ತುಪ್ಪ ಸುರಿದ, ಇಬ್ಬರೂ ಮುಂದೆ ಹೋದರು. ಪಕ್ಕದಲ್ಲಿದ್ದ ಭಾವನಿಗೆ ಮೆಲ್ಲಗೆ ಹೇಳಿದೆ, ಫ್ಯಾಟಿ ಲಿವರ್ ಇದ್ದು, ಅಂದ್ರೆ ಲಿವರ್‌ನಲ್ಲಿ ಕೊಬ್ಬು ತುಂಬಿದ್ದು, ಸಿಹಿ ಕಮ್ಮಿ ಮಾಡು ಅಂದಿದ್ರು ಡಾಕ್ಟರು ಅಂತ. ಎದುರು ಪಂಕ್ತಿಯಲ್ಲಿ ಒಬ್ಬ ಅಜ್ಜ. ಕಿವಿ ಕೇಳುವುದಿಲ್ಲ ಅಂತ ಊರಿಗೇ ಗೊತ್ತು. ಇದೊಂದು ಮಾತ್ರ ಸ್ಪಷ್ಟ ಕೇಳಿತು ಅವರಿಗೆ.

"ಎಂತದಾ ತಮಾ, ನೀನೂ ಕುಡಿತ್ಯ?"

ಇಡೀ ಪಂಕ್ತಿ ನನ್ನ ಕಡೆ ತಿರುಗಿತು. ಹೆಂಗಸರ ಸಾಲಿನಲ್ಲಿ ನನ್ನ ಅತ್ತೆಯೂ ಇದ್ದರು, ಅದು ಬೇರೆ.

ನನ್ನನ್ನು ಬಲ್ಲ ನಿಮಗೆ ಗೊತ್ತಿದೆ ಅಲ್ವಾ. ಗೋವಾಕ್ಕೆ ಹೋದಾಗಲೂ ಗೆಳೆಯರ ಚಪ್ಪಲಿ, ಮೊಬೈಲು ಕಾಯುತ್ತಾ ಕೂತವನು ನಾನು. ಕುಡಿತ ಲಿವರ್‌ಗೆ ಕೆಟ್ಟದ್ದೇ, ಇಲ್ಲ ಅಂದವರು ಯಾರು? ಆದರೆ ಕುಡಿಯದವನ ಲಿವರ್ ಕೆಡುವುದೇ ಇಲ್ಲ ಅಂತ ಯಾವ ಪಂಚಾಂಗದಲ್ಲಿ ಬರೆದಿದೆ? 1980ರಲ್ಲೇ ಅಮೆರಿಕದ ಮೇಯೋ ಕ್ಲಿನಿಕ್‌ನ ಲುಡ್ವಿಗ್ ಅನ್ನುವ ವೈದ್ಯರು ಇಪ್ಪತ್ತು ರೋಗಿಗಳ ಬಗ್ಗೆ ಬರೆದಿದ್ದರು. ಲಿವರ್ ನೋಡಿದರೆ ಕುಡುಕರದ್ದೇ ಥರ, ಆದರೆ ಕುಡಿತದ ಚಟ ಇಲ್ಲ. ಆ ಕಾಯಿಲೆಗೆ ಇಟ್ಟ ಹೆಸರಲ್ಲೂ ಆಲ್ಕೊಹಾಲ್ ಸೇರಿಕೊಂಡಿತು, 'ನಾನ್ ಆಲ್ಕೊಹಾಲಿಕ್' ಅಂತ. 2023ರಲ್ಲಿ ಲಿವರ್ ತಜ್ಞರು ಅದನ್ನು ಕಿತ್ತುಹಾಕಿ 'ಮೆಟಬಾಲಿಕ್' ಅಂತ ಸೇರಿಸಿದರು. ನಮ್ಮೂರ ಪಂಕ್ತಿಗೆ ಆ ಸುದ್ದಿ ಇನ್ನೂ ಬಂದಿಲ್ಲ.

ಸಕ್ಕರೆಯಲ್ಲಿ ಅರ್ಧದಷ್ಟು ಫ್ರಕ್ಟೋಸ್. ಅದರ ಹೆಚ್ಚಿನ ಪಾಲನ್ನು ಅರಗಿಸುವ ಕೆಲಸ ಲಿವರ್‌ನದ್ದು. ಮಿತಿ ಮೀರಿದರೆ ಅಲ್ಲೇ ಕೊಬ್ಬು ಮಾಡಿ ಇಟ್ಟುಕೊಳ್ಳುತ್ತದೆ, ಮಳೆಗಾಲಕ್ಕೆ ಅಟ್ಟದಲ್ಲಿ ಸೌದೆ ಒಟ್ಟಿದ ಹಾಗೆ. ನೋವಿಲ್ಲ, ಜ್ವರವಿಲ್ಲ. ಲಿವರ್‌ಗೆ ಪೆಟ್ಟಾಗಿದೆಯಾ ಅಂತ ನೋಡುವ ರಕ್ತ ಪರೀಕ್ಷೆ, ಎಸ್‌ಜಿಪಿಟಿ, ಅದು ಕೂಡ ನಾರ್ಮಲ್ ಇತ್ತು. ಬೇರೆ ಯಾವುದಕ್ಕೋ ಹೊಟ್ಟೆ ಸ್ಕ್ಯಾನ್ ಮಾಡಿಸಿದಾಗ ಸಿಕ್ಕಿಬಿತ್ತು, ಗ್ರೇಡ್ ಒಂದು, ಅಂದರೆ ಸೌಮ್ಯದ್ದು.

ಈಗ ಬರುತ್ತದೆ ನೋಡಿ ದೊಡ್ಡ ವಾದ. "ನಮ್ಮ ಅಜ್ಜ ದಿನಾ ದೋಸೆಗೆ ಜೋನಿಬೆಲ್ಲ ಹಾಕ್ಕಂಡು ತಿಂದು ತೊಂಬತ್ತು ವರ್ಷ ಇದ್ದಿದ್ದ." ಹೌದು ಮಾರಾಯ್ರೇ, ಇದ್ದರು. ಬೆಳಿಗ್ಗೆ ಬೆಟ್ಟಕ್ಕೆ ಹೋಗಿ ಸೊಪ್ಪಿನ ಹೊರೆ ಹೊತ್ತು ತೋಟಕ್ಕಿಳಿಯುತ್ತಿದ್ದರು, ಮತ್ತೆ ದರೆ ಹತ್ತಿ ಮನೆಗೆ ಬರುತ್ತಿದ್ದರು. ನಾವು ತೋಟದ ತುದಿವರೆಗೆ ಬೈಕಿನಲ್ಲಿ ಹೋಗಿ, ಬೈಕಿನಿಂದ ಇಳಿಯದೆ ಅಡಿಕೆ ಕೊನೆಕೊಯ್ಲು ಎಲ್ಲಿಗೆ ಬಂತು ಅಂತ ಕೂಗಿ ಕೇಳಿ ವಾಪಸ್ ಬರುವವರು. ಅಜ್ಜನ ಬೆಲ್ಲ ಬೇಕು, ಅಜ್ಜನ ಹೊರೆ ಬೇಡ.

ಬೇರೆಯವರಿಗೆ ಬೈದದ್ದು ಸಾಕು, ನನ್ನದೂ ಹೇಳಿಬಿಡುತ್ತೇನೆ. ದಿನಕ್ಕೆ ಆರು ಚಹಾ, ಒಂದೊಂದಕ್ಕೆ ಎರಡು ಚಮಚ ಸಕ್ಕರೆ. ಬೆಳಿಗ್ಗೆ ತೆಳ್ಳೇವು, ಮಧ್ಯಾಹ್ನ ಅನ್ನ, ರಾತ್ರಿ ಅನ್ನ. ಹತ್ತೂವರೆಗೆ ಎಲ್ಲ ಮಲಗಿದ ಮೇಲೆ ಹಲಸಿನ ಚಿಪ್ಸ್ ಡಬ್ಬಿಯ ಮುಚ್ಚಳ ಸದ್ದಾಗದ ಹಾಗೆ ತೆಗೆಯುವ ವಿದ್ಯೆಯೂ ನನಗೆ ಬರುತ್ತದೆ. ಸೊಂಟದ ಸುತ್ತಳತೆ 94 ಸೆಂಟಿಮೀಟರ್. ನಮ್ಮ ಗಂಡಸರಿಗೆ 90 ದಾಟಬಾರದು, ಹೆಂಗಸರಿಗೆ 80. ನಾನು ಇಷ್ಟು ದಿನ ಟೈಲರ್‌ಗೆ ಬೈಯುತ್ತಿದ್ದೆ, ಪಾಪ.

ತೂಕದಲ್ಲಿ ನೂರಕ್ಕೆ ಐದು ಪಾಲು ಇಳಿದರೂ ಲಿವರ್‌ನ ಕೊಬ್ಬು ಕಮ್ಮಿಯಾಗುತ್ತದೆ. ನನ್ನ 78 ಕೆಜಿಗೆ ಹೆಚ್ಚುಕಮ್ಮಿ ನಾಲ್ಕು ಕೆಜಿ, ಅದೂ ನಿಧಾನಕ್ಕೆ, ಉಪವಾಸ ಬಿದ್ದು ಅಲ್ಲ. ಹಾಗಾಗಿ ವಾರಕ್ಕೆ ಐದು ದಿನ ಅರ್ಧರ್ಧ ಗಂಟೆ ಬೀಸುನಡಿಗೆ ಶುರು ಮಾಡಿದ್ದೇನೆ. ಅದಕ್ಕೂ ಬಿಡುವುದಿಲ್ಲ, ದಾರಿಯಲ್ಲಿ ಸಿಕ್ಕವರೆಲ್ಲ "ಬೈಕ್ ಹಾಳಾತ?" ಅಂತ ಕೇಳಿ ಹಿಂದೆ ಹತ್ತಿಸಿಕೊಳ್ಳಲು ನೋಡುತ್ತಾರೆ. ಮದುವೆಯಲ್ಲಿ ಕೈ ತೊಳೆಯುವಾಗ ಒಬ್ಬರು ನೆಲನೆಲ್ಲಿ ಕಷಾಯ ಕುಡಿ ಅಂದರು. ಕಹಿ ಆಗುತ್ತದೆ, ಎರಡು ಚಮಚ ಬೆಲ್ಲ ಹಾಕಿಕೋ ಅಂತಲೂ ಅಂದರು.

ಮುಂದಿನ ವಾರ ಯಲ್ಲಾಪುರದಲ್ಲಿ ಉಪನಯನ. ಈ ಸಲ ಫ್ಯಾಟಿ ಲಿವರ್ ಅನ್ನುವುದಿಲ್ಲ. ಶುಗರ್ ಅಂತ ಸುಳ್ಳು ಹೇಳುತ್ತೇನೆ. ಶುಗರ್‌ಗೆ ನಮ್ಮಲ್ಲಿ ಮರ್ಯಾದೆ ಇದೆ.