ಆ ಡ್ರಮ್‌ಗಳಲ್ಲಿ ಏನಿದೆ ಅಂತ ಯಾರಿಗೆ ಗೊತ್ತು?

ನನ್ನದು ಸೇಫ್ಟಿ ಕೆಲಸ ಅಂತ ನಿಮಗೆಲ್ಲ ಗೊತ್ತೇ ಇದೆ. ಇವತ್ತು ಒಂದು ಕಾರ್ಖಾನೆಯಲ್ಲಿ ಮಾಕ್ ಡ್ರಿಲ್ ಇತ್ತು. ಸೈರನ್ ಸರಿಯಾಗಿ ಕೂಗಿತು, ಜನ ಸರಿಯಾದ ದಾರಿಯಲ್ಲೇ ಹೊರಗೆ ಬಂದರು. ಆಮೇಲೆ ಹಿಂದುಗಡೆಯ ಶೆಡ್‌ಗೆ ಹೋದೆ. ಸಾಲಾಗಿ ಡ್ರಮ್‌ಗಳು, ಸುಮಾರು ಡ್ರಮ್‌ಗಳಿಗೆ ಲೇಬಲ್ಲೇ ಇಲ್ಲ. ಒಳಗೇನಿದೆ ಅಂತ ಕೇಳಿದರೆ "ವೇಸ್ಟ್ ಮೇಡಂ" ಅಂದರು.

ಯಾವ ವೇಸ್ಟ್? ಸಾಲ್ವೆಂಟಾ (ಥಿನ್ನರ್‌ನಂಥ ದ್ರಾವಕ), ಆಸಿಡ್ಡಾ? ಯಾವಾಗ ತುಂಬಿಸಿದ್ದು? ಉತ್ತರ ಇಲ್ಲ. ಮೈಯೆಲ್ಲ ಉರಿದುಹೋಯಿತು.

ನಮಗೆ ಬೇಡವಾದ ಕೂಡಲೇ ಕೆಮಿಕಲ್ ಸುಮ್ನೆ ಕೂರುವುದಿಲ್ಲ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ರಾಶಿ ಹಾಕಿದರೆ ಗಾಳಿ ತಾಗಿಯೇ ಬಿಸಿಯೇರುತ್ತದೆ. ಆ ಬಿಸಿ ಹೊರಗೆ ಹೋಗದಿದ್ದರೆ ಹೊತ್ತಿಕೊಳ್ಳಲು ಕಿಡಿಯೇ ಬೇಡ. ನೈಟ್ರಿಕ್ ಆಸಿಡ್ ಉಳಿದಿರುವ ಡ್ರಮ್‌ಗೆ ಯಾರೋ ಸಾಲ್ವೆಂಟ್ ಸುರಿದರೆ ಡ್ರಮ್ಮೇ ಸಿಡಿಯಬಹುದು. ಅಲ್ಯೂಮಿನಿಯಂ ಪುಡಿ ಒದ್ದೆಯಾದರೆ ಹೈಡ್ರೋಜನ್ ಹುಟ್ಟುತ್ತದೆ. ಆ ಪುಡಿಗೆ ಬೆಂಕಿ ಹತ್ತಿದಾಗ ಡ್ರಮ್‌ನಲ್ಲಿ ಏನಿದೆ ಅಂತ ಗೊತ್ತಿಲ್ಲದೆ ನೀರು ಹೊಡೆದರೆ? ಲೇಬಲ್ ಬೇಕು ಅಂತ ನಾನು ಬಡಿದುಕೊಳ್ಳುವುದು ಇದಕ್ಕೇ.

2019ರ ಮಾರ್ಚ್‌ನಲ್ಲಿ ಚೀನಾದ ಶಿಯಾಂಗ್‌ಶುಯಿಯಲ್ಲಿ ಆಗಿದ್ದು ಇದೇ. ವರ್ಷಗಟ್ಟಲೆ ಪೇರಿಸಿಟ್ಟಿದ್ದ ನೈಟ್ರೇಷನ್ ತ್ಯಾಜ್ಯ (ನೈಟ್ರಿಕ್ ಆಸಿಡ್ ಬಳಸಿ ಕೆಮಿಕಲ್ ತಯಾರಿಸುವಾಗ ಉಳಿಯುವ ವೇಸ್ಟ್) ತಾನಾಗಿಯೇ ಬಿಸಿಯಾಗಿ ಹೊತ್ತಿಕೊಂಡು ಸ್ಫೋಟವಾಯಿತು. 78 ಜನ ಸತ್ತರು. 2021ರಲ್ಲಿ ಜರ್ಮನಿಯ ಲೆವರ್‌ಕುಸೆನ್‌ನಲ್ಲಿ ತ್ಯಾಜ್ಯದ ಟ್ಯಾಂಕ್ ಸಿಡಿದು 7 ಜನ ಹೋದರು. 2006ರಲ್ಲಿ ಅಮೆರಿಕದ ಏಪೆಕ್ಸ್ ಅನ್ನೋ ಊರಲ್ಲಿ ತ್ಯಾಜ್ಯದ ಗೋದಾಮಿಗೆ ರಾತ್ರಿ ಬೆಂಕಿ ಬಿದ್ದಾಗ ಒಳಗೆ ಯಾರೂ ಇರಲಿಲ್ಲ, ಬೆಂಕಿ ಪತ್ತೆ ಹಚ್ಚುವ ವ್ಯವಸ್ಥೆಯೂ ಇರಲಿಲ್ಲ. ಸಾವಿರಾರು ಜನ ಮನೆ ಬಿಟ್ಟು ಓಡಬೇಕಾಯಿತು.

ವೇಸ್ಟ್ ಯಾಕೆ ಕೂಡಿಟ್ಟಿದ್ದೀರಿ ಅಂತ ಕಾರ್ಖಾನೆಯವರನ್ನು ಕೇಳಿದರೆ, "ಲಾರಿ ತುಂಬುವಷ್ಟು ಆಗಲಿ ಅಂತ ಕಾಯ್ತೀವಿ, ಅರ್ಧ ಲೋಡ್ ಕಳಿಸಿದರೆ ಖರ್ಚು ಜಾಸ್ತಿ" ಅಂತಾರೆ. ಖರ್ಚು ಜಾಸ್ತಿ ಅನ್ನುವುದು ನಿಜ, ಒಪ್ಪುತ್ತೇನೆ. ಆದರೆ ಡ್ರಮ್ ಮೇಲೆ ಹೆಸರು, ತಾರೀಖು ಬರೆಯಲು ಲಾರಿ ಬರಬೇಕಾ? ಆಸಿಡ್ ಈ ಕಡೆ, ಸಾಲ್ವೆಂಟ್ ಆ ಕಡೆ ಇಡಲು, ಮುಚ್ಚಳ ಭದ್ರ ಮಾಡಲು, ದಿನಕ್ಕೊಮ್ಮೆ ಯಾವ ಡ್ರಮ್ ಬಿಸಿಯಾಗಿದೆ, ಯಾವುದು ಉಬ್ಬಿದೆ ಅಂತ ನೋಡಲು ಎಷ್ಟು ಖರ್ಚು? "ಇಷ್ಟು ವರ್ಷ ಏನೂ ಆಗಿಲ್ಲ" ಅನ್ನುವವರಿಗೆ ಉತ್ತರ ಕೊಡುವ ತಾಳ್ಮೆ ನನಗಿಲ್ಲ.

"ವೇಸ್ಟ್ ಮೇಡಂ" ಅಂದವನು ಕಾಂಟ್ರಾಕ್ಟ್ ಮೇಲೆ ಬಂದ ಚಿಕ್ಕ ಹುಡುಗ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ಯಾರೂ ಹೇಳಿಕೊಟ್ಟಿಲ್ಲ, ಅಷ್ಟೇ. ಆದರೆ ನಾಳೆ ಬೆಳಗ್ಗೆ ಆ ಡ್ರಮ್‌ಗಳನ್ನು ಉರುಳಿಸುವವನು ಅವನೇ ಅಲ್ವಾ? ಅದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಕಾರ್ಖಾನೆಗಳಲ್ಲಿರುವ ಗೆಳೆಯರೇ, ನಾಳೆ ಶಿಫ್ಟ್‌ಗೆ ಹೋದಾಗ ನಿಮ್ಮ ಶೆಡ್‌ಗೆ ಒಂದು ಸುತ್ತು ಹಾಕಿ. ಹೆಸರಿಲ್ಲದ ಡ್ರಮ್ ಒಂದೇ ಒಂದು ಸಿಕ್ಕರೂ ಮ್ಯಾನೇಜರ್‌ಗೆ ಬರವಣಿಗೆಯಲ್ಲಿ ಕೊಡಿ. ಬಾಯಲ್ಲಿ ಹೇಳಿದರೆ ಅಲ್ಲೇ ಮರೆತುಬಿಡುತ್ತಾರೆ.