ಆ ರಾತ್ರಿ ಹಡಗು ಹೊರಟೇಹೋಯಿತು

ಚಿಕ್ಕಪ್ಪನ ಮಗನ ಕುಡಿತ ಬಿಡಿಸಲು ನಾನು ಓಡಾಡತೊಡಗಿ ಆರು ವರ್ಷವಾಯಿತು. ಎರಡು ಸಲ ವ್ಯಸನಮುಕ್ತಿ ಕೇಂದ್ರಕ್ಕೆ ಸೇರಿಸಿದೆ. ಎರಡೂ ಸಲ ಹೊರಬಂದು ತಿಂಗಳೊಪ್ಪತ್ತಿನಲ್ಲಿ ಮತ್ತೆ ಶುರು. ಕಳೆದ ತಿಂಗಳು ಆಪ್ತಸಮಾಲೋಚಕರ ನಂಬರ್ ಬರೆದ ಚೀಟಿಯನ್ನು ಅವನ ಅಂಗಿಯ ಜೇಬಿಗೆ ನಾನೇ ಇಟ್ಟು ಬಂದಿದ್ದೆ. ಮೊನ್ನೆ ಹೋದಾಗ ಆ ಅಂಗಿ ಹಗ್ಗದ ಮೇಲೆ ಒಣಗುತ್ತಿತ್ತು. ಜೇಬಿಗೆ ಕೈ ಹಾಕಿದೆ. ಚೀಟಿ ನೆನೆದು ಮುದ್ದೆಯಾಗಿತ್ತು, ಬಟ್ಟೆಗೆ ಶಾಯಿಯ ನೀಲಿ ಕಲೆ.

"ದೇವರ ಸಮಯಕ್ಕೆ ಬಿಡು" ಎನ್ನುತ್ತಾರೆ ಎಲ್ಲರೂ. ಈ ಮಾತು ಕೇಳಿದರೆ ನನಗೆ ಮೈಯುರಿಯುತ್ತಿತ್ತು. ಹೇಳುವವರಲ್ಲಿ ಅರ್ಧ ಜನ ಅವನ ಮನೆಯ ಹೊಸ್ತಿಲು ತುಳಿದವರಲ್ಲ. ಕೈ ತೊಳೆದುಕೊಳ್ಳುವುದಕ್ಕೂ ದೇವರ ಹೆಸರೇ ಬೇಕೆ?

ಅಂದು ರಾತ್ರಿ ನೆನಪಾದವಳು ಸಂತ ಮೋನಿಕಾ, ನಾಲ್ಕನೆಯ ಶತಮಾನದ ಒಬ್ಬ ಕ್ರೈಸ್ತ ತಾಯಿ. ಮುಂದೆ ದೊಡ್ಡ ಸಂತನೆನಿಸಿದ ಮಗ ಅಗಸ್ಟೀನ್ ಆಗ, ಪರ್ಷಿಯಾದ ಮಾನಿ ಎಂಬ ಬೋಧಕ ಹುಟ್ಟುಹಾಕಿದ, ಚರ್ಚು ಒಪ್ಪದ ಪಂಥದ ಬೆನ್ನು ಹತ್ತಿದ್ದ. ಅವನಿಗೆ ಬುದ್ಧಿ ಹೇಳಿ ಎಂದು ಆಕೆ ಒಬ್ಬ ಬಿಷಪರ ದುಂಬಾಲು ಬಿದ್ದಳು. ತಾವೇ ಆ ಪಂಥದಲ್ಲಿ ಬೆಳೆದು ಹೊರಬಂದಿದ್ದ ಅವರು ಒಪ್ಪಲಿಲ್ಲ. ಈಗ ಅವನ ಕಿವಿಗೆ ಏನೂ ಹೋಗದು, ಪ್ರಾರ್ಥಿಸು ಎಂದರು. ಅಳುತ್ತ ಮತ್ತೆ ಮತ್ತೆ ಕೇಳಿದಾಗ ರೇಗಿದರು; ಆದರೂ ಇಷ್ಟು ಕಣ್ಣೀರಿನ ಮಗ ಹಾಳಾಗಲಾರ ಎಂದೇ ಕಳುಹಿಸಿದರು.

ಪ್ರವಚನಗಳಲ್ಲಿ ಎತ್ತಿ ಹೇಳುವುದು ಈ ಪ್ರಸಂಗವನ್ನೇ. ನನ್ನನ್ನು ಕಾಡುವುದು ಕ್ರಿ.ಶ. 383ರ ಒಂದು ರಾತ್ರಿ. ಅಗಸ್ಟೀನ್ ರೋಮಿಗೆ ಹೊರಟಿದ್ದ. ಹೋಗಬೇಡವೆಂದು ತಾಯಿ ಉತ್ತರ ಆಫ್ರಿಕಾದ ಕಾರ್ಥೇಜ್ ನಗರದ ಕಡಲತೀರದವರೆಗೂ ಬಂದಳು. ಸ್ನೇಹಿತನನ್ನು ಬೀಳ್ಕೊಡಬೇಕಿದೆ ಎಂದು ಸುಳ್ಳು ಹೇಳಿ, ಆಕೆ ಸಂತ ಸಿಪ್ರಿಯನ್ನರ ಗುಡಿಯಲ್ಲಿ ಪ್ರಾರ್ಥಿಸುತ್ತಿದ್ದಾಗಲೇ ಅವನು ಹಡಗು ಹತ್ತಿಬಿಟ್ಟ. ಆಕೆ ಬೇಡಿಕೊಂಡಿದ್ದು ಒಂದೇ, ಮಗ ಹೋಗಬಾರದು. ದೇವರು ಅದನ್ನು ನಡೆಸಿಕೊಡಲಿಲ್ಲ. ಹಾಗೆ ಹೋದದ್ದರಿಂದಲೇ ಅವನು ಮಿಲಾನ್ ಸೇರಿದ, ಅಲ್ಲಿನ ಬಿಷಪ್ ಆಂಬ್ರೋಸರ ಬೋಧನೆ ಕೇಳಿದ, 387ರ ಈಸ್ಟರ್‌ನಲ್ಲಿ ಅವರ ಕೈಯಿಂದಲೇ ದೀಕ್ಷಾಸ್ನಾನ ಪಡೆದ. ಅದೇ ವರ್ಷ ತಾಯಿ ತೀರಿಕೊಂಡಳು.

ಇಷ್ಟರ ನಡುವೆ ಒಂದು ಸಣ್ಣ ಸಂಗತಿ ಮರೆತುಹೋಗುತ್ತದೆ: ಆಕೆ ದಡದಲ್ಲೇ ಕುಳಿತಿರಲಿಲ್ಲ. ತಾನೂ ಕಡಲು ದಾಟಿ ಮಗನಿದ್ದಲ್ಲಿಗೆ ಹೋದಳು. ಫಲವನ್ನು ದೇವರಿಗೆ ಬಿಟ್ಟಳು, ಮಗನನ್ನು ಬಿಡಲಿಲ್ಲ.

ನಾನು ಮಾಡಿದ್ದು ಇದರ ತದ್ವಿರುದ್ಧ. ಅವನು ಸರಿಹೋಗಬೇಕು, ನನ್ನಿಂದಲೇ ಸರಿಹೋಗಬೇಕು, ಅದೂ ನಾನು ಹಾಕಿದ ಗಡುವಿನೊಳಗೆ. ಆಗದಿದ್ದಾಗ ಅವನ ಮನೆಗೆ ಹೋಗುವುದನ್ನೇ ಕಡಿಮೆ ಮಾಡಿದೆ. ನನ್ನ ಸಿಟ್ಟು ಅವನ ಕುಡಿತದ ಮೇಲಿದ್ದದ್ದು ಅಷ್ಟಕ್ಕಷ್ಟೆ; ಆರು ವರ್ಷದ ನನ್ನ ಲೆಕ್ಕ ತಪ್ಪಿತಲ್ಲ, ಅದರ ಮೇಲೆ. ಎಲ್ಲರ ಕಥೆಯೂ ಮೋನಿಕಾಳ ಕಥೆಯಂತೆ ಮುಗಿಯುವುದಿಲ್ಲ ಎಂಬುದೂ ಗೊತ್ತು. ಕುಡಿದು ಸತ್ತವನ ತಾಯಿಯೆದುರು ಕುಳಿತು ಇದನ್ನು ಹೇಳುವ ಧೈರ್ಯ ನನಗಿಲ್ಲ.

ನಿನ್ನೆ ಸಂಜೆ ಫೋನ್ ಮಾಡಿದೆ. ಮೂರನೆಯ ಸಲಕ್ಕೆ ಎತ್ತಿದ.

"ಬೈಯುವುದಕ್ಕಾ ಅಣ್ಣ?"

"ಇಲ್ಲ, ಸುಮ್ಮನೆ ಮಾಡಿದೆ."

ಸ್ವಲ್ಪ ಹೊತ್ತು ಏನೂ ಮಾತಿಲ್ಲ. ಆಮೇಲೆ ಕ್ರಿಕೆಟ್ ವಿಷಯ ಅವನೇ ತೆಗೆದ. ನಾಲಿಗೆ ತೊದಲುತ್ತಿತ್ತು. ನಾನು ಕೇಳುತ್ತ ಕುಳಿತೆ.