ನರೆಗೂದಲಿನ ರೇಟು

‘ಸಾರ್, ಸ್ವಲ್ಪ ಬ್ಲ್ಯಾಕ್ ಮಾಡ್ಬಿಡ್ಲಾ?’

ಕಟಿಂಗ್ ಹುಡುಗ ಪ್ರತಿ ಸಲವೂ ಹೀಗೇ ಮರುಕದಿಂದ ಕೇಳುತ್ತಾನೆ. ಬೇಡವೆಂದೆ. ಪಕ್ಕದ ಕುರ್ಚಿಯಲ್ಲಿ ಕಾಲೇಜು ಓದುವವನೊಬ್ಬ ತಲೆ ತುಂಬ ಚಪಾತಿ ಸುತ್ತಿಕೊಡುವ ಫಾಯಿಲ್ ಸಿಕ್ಕಿಸಿಕೊಂಡು ಕೂತಿದ್ದ. ಏನಪ್ಪಾ ಇದು ಎಂದರೆ, ‘ಆಶ್ ಗ್ರೇ ಸಾರ್, ಈಗ ಅದೇ ಟ್ರೆಂಡು.’ ಇದ್ದ ಕಪ್ಪನ್ನು ಬ್ಲೀಚ್ ಹಾಕಿ ತೆಗೆದು ಬೂದಿ ಬಳಿಸಿಕೊಳ್ಳಲು ಅವನು ತೆತ್ತ ದುಡ್ಡು ನಮ್ಮನೆಯ ತಿಂಗಳ ಹಾಲಿನ ಲೆಕ್ಕವನ್ನು ಮೀರಿಸಿತ್ತು. ಅದೇ ಮಾಲು ನನ್ನ ತಲೆಯಲ್ಲಿ ಪುಕ್ಕಟೆ ಬೆಳೆದು ನಿಂತಿದೆ. ಮುಚ್ಚಿಡಲು ನಾನು ದುಡ್ಡು ಕೊಡಬೇಕಂತೆ!

ಇಂಗ್ಲೆಂಡಿನವರು ಈ ವಿಷಯದಲ್ಲಿ ಲೆಕ್ಕ ಚುಕ್ತಾ ಇಟ್ಟವರು. ಹದಿನೆಂಟನೇ ಶತಮಾನದಲ್ಲಿ ಅಲ್ಲಿಯ ದೊಡ್ಡ ಮನುಷ್ಯರು ತಲೆಗೋ ವಿಗ್ಗಿಗೋ ಜಿಡ್ಡು ಸವರಿ, ಮೇಲೆ ಗಂಜಿಹಿಟ್ಟಿನ ಪೌಡರು ಉದುರಿಸಿಕೊಂಡು ಬೆಳ್ಳಗಾಗುತ್ತಿದ್ದರು. 1795ರಲ್ಲಿ, ಫ್ರಾನ್ಸಿನ ಜೊತೆಗಿನ ಯುದ್ಧಕ್ಕೆ ಕಾಸು ಸಾಲದೆ, ಪ್ರಧಾನಿ ವಿಲಿಯಂ ಪಿಟ್ ಈ ಪೌಡರಿಗೂ ತೆರಿಗೆ ಜಡಿದ. ತಲೆಗೆ ವರ್ಷಕ್ಕೊಂದು ಗಿನಿ, ಅಂದರೆ 21 ಶಿಲಿಂಗು. ಕಟ್ಟಿ ಸರ್ಟಿಫಿಕೇಟ್ ತೆಗೆದುಕೊಳ್ಳಬೇಕು. ರಾಜಮನೆತನಕ್ಕೆ ಮಾಫಿ, ಬಡ ಪಾದ್ರಿಗಳಿಗೆ ಮಾಫಿ. ಮದುವೆಯಾಗದ ಹೆಣ್ಣುಮಕ್ಕಳು ಇಬ್ಬರಿಗಿಂತ ಹೆಚ್ಚಿದ್ದ ಅಪ್ಪನಿಗೆ ಎರಡು ಗಿನಿ ಕಟ್ಟಿದರೆ ಅಷ್ಟೂ ತಲೆಗಳು ಖುಲಾಸೆ! ಆ ಕಾಯಿದೆ ಬರೆದ ಗುಮಾಸ್ತನಿಗೆ ಎಷ್ಟು ಹೆಣ್ಣುಮಕ್ಕಳಿದ್ದರೋ.

ತೆರಿಗೆ ಕಟ್ಟಿದವರಿಗೆ ಜನ ‘ಗಿನಿ ಪಿಗ್’ ಎಂದು ಹೆಸರಿಟ್ಟರು. ಅದೇ ಹೊತ್ತಿಗೆ ಗೋಧಿಗೂ ಬರ ಬಂತು. ಊರಿಗೆ ರೊಟ್ಟಿಯಿಲ್ಲದಾಗ ತಲೆಗೆ ಹಿಟ್ಟೇ ಎಂಬ ಮಾತೂ ಎದ್ದಿತು. ಪಿಟ್‌ನ ವಿರೋಧಿಯಾಗಿದ್ದ ಬೆಡ್‌ಫರ್ಡ್ ಡ್ಯೂಕ್ ಮತ್ತವನ ಗೆಳೆಯರು ಕೂದಲು ಮೋಟಾಗಿ ಕತ್ತರಿಸಿಕೊಂಡು ಪೌಡರಿಗೇ ಕೈಮುಗಿದರು. ಮೋಟುಗೂದಲೇ ಫ್ಯಾಷನ್ ಆಯಿತು. ತೆರಿಗೆ ಮಾತ್ರ 1869ರವರೆಗೂ ಎಳೆದಾಡಿತು, ತೆರಿಗೆಗಳ ಜಾಯಮಾನವೇ ಅದು. 1855ರಲ್ಲಿ ಇಡೀ ದೇಶದಲ್ಲಿ ಕಟ್ಟುತ್ತಿದ್ದವರು 997 ಜನ. ಹೆಚ್ಚುಕಡಿಮೆ ಎಲ್ಲರೂ ಮನೆಯಾಳುಗಳು! ಧಣಿಯ ತಲೆಯಿಂದ ಇಳಿದ ಬಿಳುಪು ಬಾಗಿಲು ತೆರೆಯುವವನ ತಲೆಯ ಮೇಲೆ ಕೂತಿತ್ತು.

ಇದರಿಂದ ಏನೋ ತಿಳಿಯಬೇಕು. ತಿಳಿಯುವಷ್ಟರಲ್ಲಿ ಮೊನ್ನೆ ಒಂದು ಮದುವೆಗೆ ಹೋಗಬೇಕಾಯಿತು. ಸಿನಿಮಾ ಹೀರೋ ನೆರೆತ ಗಡ್ಡ ಬಿಟ್ಟರೆ ‘ಸಾಲ್ಟ್ ಅಂಡ್ ಪೆಪ್ಪರ್’ ಎಂದು ಹೊಗಳುವ ನಮ್ಮ ಷಡ್ಡಕರು ನನ್ನದನ್ನು ನೋಡಿ, ‘ಯಾಕ್ರೀ, ಹುಷಾರಿಲ್ವಾ?’ ಎಂದರು. ಅವರ ಮೀಸೆ ಕಡುಗಪ್ಪು. ಹಚ್ಚಿದ ಬಣ್ಣ ಮೇಲ್ತುಟಿಗೂ ಮೆತ್ತಿಕೊಂಡಿತ್ತು. ಒರೆಸಿಕೊಳ್ಳಿ ಎನ್ನಬಹುದಿತ್ತು. ಆಲ್ಬಮ್ಮಿನಲ್ಲೇ ನೋಡಿಕೊಳ್ಳಲಿ ಎಂದು ಸುಮ್ಮನಾದೆ.